ಅಂತಿಮ ಸ್ಪರ್ಧೆಯ ದಿನದ ತಲೆನೋವಿಗೆ ದೃಢೀಕರಣ ಕೋರಿ

ಮಾನ್ಯ ರ‍್ಯಾಂಪ್-೧ ಪ್ರೋಟೀನ್ ಮಹಾಶಯರೇ,

ಅರವತ್ತೊಂದು ವರ್ಷಗಳಿಂದ ನನ್ನ ತಲೆಯೊಳಗೆ ಸುಖವಾಗಿ ನೆಲೆಸಿರುವ ತಮಗೆ, ಟ್ರಿನಿಡಾಡಿನ ಲಾವೆಂಟಿಲ್ ಗುಡ್ಡದಿಂದ ಉಕ್ಕಿನ ಪೀಪಾಯಿಯಿಂದ ಮಾಡುವ ಪ್ಯಾನ್ ವಾದ್ಯಗಳ ಶ್ರುತಿಗಾರ ಗ್ಲೆನ್ರಾಯ್ ಪ್ಯಾಸ್ಕಲ್ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂಬುದು ಎಡಗಣ್ಣಿನ ಹಿಂದಿನ ಬಡಿತದಿಂದಲೇ ತಿಳಿಯುತ್ತಿರುವುದರಿಂದ ವಿಚಾರಿಸುತ್ತಿಲ್ಲ.

ತಮ್ಮ ಹೆಸರನ್ನು ನನಗೆ ಹೇಳಿದವರು ನರರೋಗದ ಡಾಕ್ಟರಮ್ಮ. ನೋವಿನ ಸುದ್ದಿಯನ್ನು ಕೇಳಿಸಿಕೊಳ್ಳಲು ಜೀವಕೋಶದಲ್ಲಿ ಗ್ರಾಹಕರೆಂಬ, ಅಂದರೆ ರಿಸೆಪ್ಟರ್ ಎಂಬ, ಬೇರೊಬ್ಬರಿದ್ದಾರಂತೆ. ಆದರೆ ತಾವು ಕೈಹಿಡಿದು ಹೊರಮೈಗೆ ಕರೆತಂದು, ಯಾವ ಸುದ್ದಿಗೆ ಕಿವಿಗೊಡಬೇಕೆಂದು ಹೇಳಿಕೊಡದಿದ್ದರೆ ಅವರು ಒಳಗೇ ಕೂತಿರುತ್ತಾರಂತೆ. ಸಾಹೇಬರಿಗಿಂತ ಅವರ ಆಪ್ತ ಸಹಾಯಕರೇ ದೊಡ್ಡವರೆಂಬುದು ನಮ್ಮ ಕಚೇರಿಗಳಲ್ಲಿ ಮಾತ್ರವಲ್ಲ, ನನ್ನ ತಲೆಯಲ್ಲೂ ನಿಜವೆಂದು ತಿಳಿದು ಹೆಮ್ಮೆಯಾಯಿತು.

ಆದರೆ ಕಾರ್ನಿವಲ್ ಹಬ್ಬದ ಪ್ಯಾನ್ ಸ್ಪರ್ಧೆಯ ಅಂತಿಮ ದಿನವೇ, ವಾದ್ಯಗಳನ್ನು ಗಾಲಿಗಳ ಮೇಲೆ ವೇದಿಕೆಗೆ ತಳ್ಳಿಕೊಂಡು ಹೋಗುವಾಗ ಪಕ್ಕದಲ್ಲೇ ನಡೆಯುತ್ತ ನಾನು ಸುತ್ತಿಗೆಯಿಂದ ಬಡಿದು ಕೊನೆಯ ಶ್ರುತಿ ಕೂಡಿಸುವ ಹೊತ್ತಿಗೇ, ತಾವು ಅಷ್ಟೊಂದು ಕರ್ತವ್ಯನಿಷ್ಠೆ ತೋರಿದ್ದೇಕೆ? ತಂಡದ ಜೊತೆ ಬಂದಿದ್ದ ನೆರೆಮನೆಯ ರಾಜ್‌ವಂತಿ ಆಂಟಿ, “ಕಣ್ಣು ಬಿದ್ದಿದೆ ಕಣೋ, ಅಲ್ಲಾಡ್ದೆ ನಿಂತ್ಕೊ” ಎಂದು ತೆಂಗಿನ ಕಡ್ಡಿಪೊರಕೆಯಿಂದ ನಿವಾಳಿಸಿದರು. ತಮಗೆ ಅದು ತಾಕಿದಂತೆ ಕಾಣಲಿಲ್ಲ. ಸುತ್ತಿಗೆಯ ಪ್ರತಿ ಏಟೂ ತಲೆಯೊಳಗೇ ಬೀಳುತ್ತಿದ್ದುದರಿಂದ ಕಿವಿಗೆ ಹತ್ತಿ ತುರುಕಿಕೊಂಡು, ಬೆರಳಿಗೆ ಸಿಕ್ಕ ಕಂಪನವನ್ನೇ ನಂಬಿ ಶ್ರುತಿ ಮಾಡಿದೆ. ಇಪ್ಪತ್ತೆರಡು ಪ್ಯಾನ್‌ಗಳು ಒಂದೇ ಸ್ವರದಲ್ಲಿ, ಬಹಳ ಒಗ್ಗಟ್ಟಿನಿಂದ ತಪ್ಪಿದವು. ಹತ್ತು ತಂಡಗಳಲ್ಲಿ ನಾವು ಹತ್ತನೆಯವರಾದೆವು.

ನಾಯಕ ಕತ್‌ಬರ್ಟ್, “ಫೈನಲ್ ದಿನಾನೇ ತಲೆನೋವಾ? ಕುಡಿದಿದ್ದೆ ಅಂತ ಒಪ್ಕೊಂಡ್ಬಿಡು ಮಾರಾಯ, ಮರ್ಯಾದೆನಾದ್ರೂ ಉಳಿಯುತ್ತೆ” ಎಂದು ನನ್ನ ಸುತ್ತಿಗೆ ಕಿತ್ತುಕೊಂಡ. ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಭಾನುವಾರ ಸಭೆ ಸೇರಿ ತೀರ್ಮಾನಿಸುತ್ತಾರೆ. ಆದ್ದರಿಂದ ತಾವು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವರಾಗಿ ಸಭೆಗೆ ಖುದ್ದಾಗಿ ದಯಮಾಡಿಸಿ, ನೋವು ನಿಜವೆಂದು ಸಹಿ ಹಾಕಿಕೊಡಬೇಕು. ಪುರುಸೊತ್ತಿಲ್ಲದಿದ್ದರೆ, ಕತ್‌ಬರ್ಟ್‌ನ ತಲೆಯಲ್ಲಿರುವ ತಮ್ಮ ಸಹೋದ್ಯೋಗಿಗೆ ಒಂದೇ ಒಂದು ಮಧ್ಯಾಹ್ನದ ಮಟ್ಟಿಗೆ ಆದೇಶ ಕಳುಹಿಸಿದರೂ ಸಾಕು.

ಒಂದು ಕಣ್ಣು ಮುಚ್ಚಿಕೊಂಡು ಇಷ್ಟನ್ನು ಬರೆದ,
ತಮ್ಮ ವಿಶ್ವಾಸಿ,
ಗ್ಲೆನ್ರಾಯ್ ಪ್ಯಾಸ್ಕಲ್

ಮರೆತ ಮಾತು: ದೃಢೀಕರಣದ ಇನ್ನೊಂದು ಪ್ರತಿ ನನ್ನ ತಾಯಿ ಯೂಲಾಲಿಯವರ ಹೆಸರಿಗಿರಲಿ. ತಿಂಗಳಿಗೆ ಮೂರು ದಿನ ಅವರು ಹಣೆಗೆ ಒದ್ದೆಬಟ್ಟೆ ಕಟ್ಟಿ, ಕಿಟಕಿ ಮುಚ್ಚಿ ಮಲಗುತ್ತಿದ್ದರು. ಅಂಗಳದಲ್ಲಿ ಪ್ಯಾನ್ ಬಡಿಯುವುದನ್ನು ಸ್ವಲ್ಪ ನಿಲ್ಲಿಸೆಂದು ಬೇಡಿಕೊಂಡಾಗ, “ಸಾಕಮ್ಮ ನಿನ್ನ ನಾಟಕ, ಎದ್ದು ಅಡುಗೆ ಮಾಡು” ಎಂದವನು ಇಪ್ಪತ್ತು ವರ್ಷದ ನಾನು. ತಾವು ಆಗಲೂ ನಮ್ಮಿಬ್ಬರ ತಲೆಯಲ್ಲೂ ಇದ್ದಿರಿ; ಒಂದು ಮಾತು ಹೇಳಬಹುದಿತ್ತು. ಅವರೀಗ ಗುಡ್ಡದ ಕೆಳಗಿನ ಸ್ಮಶಾನದಲ್ಲಿದ್ದಾರೆ. ತಾವು ಕಳುಹಿಸಿದರೆ ನಾನೇ ಹೋಗಿ ಓದಿ ಹೇಳುತ್ತೇನೆ.