ನಮ್ಮ ಯಜಮಾನರ ಆರನೇ ಲೇಖನ

ಇಲಿಗಳ ವಿಷಯ ಬರೆಯುವವರನ್ನು ಕಟ್ಟಿಕೊಂಡರೆ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ನಮ್ಮ ಯಜಮಾನರು ದಿನಾ ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿನ ಒಂದು ಲ್ಯಾಬಿಗೆ ಹೋಗುತ್ತಿದ್ದರು. ಇಲಿಗಳ ಮೈಯಲ್ಲಿ ಕ್ಯಾನ್ಸರ್ ಗಡ್ಡೆ ಹೇಗೆ ಬೆಳೆಯುತ್ತದೆಂದು ನೋಡಿ ಲೇಖನ ಬರೆಯುವುದು ಅವರ ಕೆಲಸ. ಅದೂ ಮಾರ್ಚಿಗೆ ಮುಗಿಯುವ ಕೆಲಸ. ಇನ್ನೊಂದು ದೊಡ್ಡ ಲ್ಯಾಬಿನಲ್ಲಿ ಕಾಯಂ ಜಾಗ ಖಾಲಿಯಿತ್ತು, ಆದರೆ ಆರು ಲೇಖನವಾದರೂ ಇರಬೇಕಂತೆ. ಇವರದು ಐದು. ಆರನೆಯದನ್ನು ವಿಲಾಯಿತಿಯ ಪತ್ರಿಕೆಗೆ ಕಳಿಸಿ ನಾಲ್ಕು ತಿಂಗಳಾಗಿತ್ತು. ಎಂಟು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಾನೂ ಆ ಉತ್ತರಕ್ಕೇ ಕಾಯುತ್ತಿದ್ದೆ.

ಜರ್ಮನಿಯ ಕಾರ್ಡು

ಲೇಖನ ಅಚ್ಚಾದರೆ ಹೊರದೇಶದವರು "ಒಂದು ಪ್ರತಿ ಕಳಿಸಿ" ಎಂದು ಕಾರ್ಡು ಬರೆಯುತ್ತಾರೆ. ನಮ್ಮ ಅಂಚೆಯವನು ಅದನ್ನು ಓದಿಕೊಂಡೇ ತರುತ್ತಿದ್ದ.

"ಅಮ್ಮೋ, ಜರ್ಮನಿಯಿಂದ ಬಂದೈತೆ. ಇಲಿ ಇಸ್ಯ ಕೇಳವ್ರೆ!"

ಅತ್ತೆಯ ಮುಖ ಅರಳಿತು. ತಕ್ಷಣ ನನ್ನ ಕಡೆ ತಿರುಗಿದರು. "ಸಮುದ್ರದಾಚೆಯೋರು ಕೇಳಿ ಓದ್ತಾರೆ. ಎಸ್ಸೆಸ್ಸೆಲ್ಸಿ ಪಾಸಾದೋಳು ನೀನು, ಒಂದಾದ್ರೂ ಓದಿದ್ಯೇನೆ?"

"ಓದಿದೆ ಅತ್ತೆ. ಮೊದಲನೇ ಸಾಲಲ್ಲೇ ಇಲಿ ಸತ್ತೋಯ್ತು. ಆಮೇಲೆ ಆರು ಪುಟ ಅದರ ತಿಥಿ."

ಕಾಣದ ಹುರಿ

ಹಾಗಂತ ನನಗೆ ಕುತೂಹಲ ಇಲ್ಲವೆಂದಲ್ಲ. ಒಂದು ಭಾನುವಾರ ಮಗುವಿಗೆ ರಾಗಿ ಸರಿ ತಿನ್ನಿಸುತ್ತಾ ಕೇಳಿದೆ, "ಗಡ್ಡೆ ಯಾಕ್ರೀ ಬೆಳೆಯುತ್ತೆ?"

"ನಮ್ಮ ಮೈಯೆಲ್ಲ ಸಣ್ಣ ಸಣ್ಣ ಕೋಶ. ಪ್ರತಿ ಕೋಶದೊಳಗೂ ಎರಡೆಳೆ ಹೊಸೆದ ಹುರಿಯಂಥದ್ದು ಇರುತ್ತೆ. ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಅನ್ನೋದೆಲ್ಲ ಅದರಲ್ಲೇ ಬರೆದಿದೆ. ಅಲ್ಲಿ ತಪ್ಪಾದರೆ ಕೋಶಕ್ಕೆ ನಿಲ್ಲೋದೇ ಗೊತ್ತಾಗಲ್ಲ."

ಮಗು ನುಂಗುವುದನ್ನೂ ಮರೆತು ನೋಡುತ್ತಿತ್ತು, ನಾನೂ ಅಷ್ಟೇ.

"ನೀವು ಆ ಹುರಿ ನೋಡಿದ್ದೀರಾ?"

"ಇಲ್ಲ. ಅದು ಕಣ್ಣಿಗೆ ಕಾಣಲ್ಲ."

"ಕಾಣದ್ದರಲ್ಲಿ ತಪ್ಪು ಹುಡುಕೋ ಕೆಲಸಕ್ಕೆ ಬೆಂಗಳೂರಿಗೆ ಯಾಕೆ ಹೋಗಬೇಕಿತ್ತು? ಅತ್ತೆ ಮನೇಲೇ ಕೂತು ಮಾಡ್ತಾರಲ್ಲ!"

ಮೂರನೇ ಹೆಸರು

ಐದನೇ ಲೇಖನದಲ್ಲಿ ಇವರ ಹೆಸರು ಮೂರನೆಯದಾಗಿತ್ತು. ಮೊದಲು ಮೇಲಧಿಕಾರಿ, ಆಮೇಲೆ ಅವರ ಸ್ನೇಹಿತರು. ನಾನು ಬೆರಳಿಟ್ಟು ತೋರಿಸಿದ್ದೇ ತಡ, ಅತ್ತೆ ಎದ್ದು ನಿಂತರು. "ಇಲಿ ಪಂಜರ ತೊಳೆದೋನು ನನ್ನ ಮಗ. ಅವರ್ಯಾಕ್ಲಾ ಮುಂದೆ?"

ನಂದಿದುರ್ಗವೆಂಬ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ನಮ್ಮಪ್ಪ ಅವತ್ತು ಮೊಮ್ಮಗುವನ್ನು ನೋಡಲು ಬಂದಿದ್ದರು. "ಬಿಡ್ರಮ್ಮ, ನಮ್ದೂ ಅಂಗೇಯ. ಕೆಳಗಿಳಿದು ಬಂಡೆ ಒಡೆಯೋರು ನಾವು, ಎಸರು ಮಾತ್ರ ಗಣಿ ದೊರೆಗಳ್ದು."

ಯಜಮಾನರು ಸಮಾಧಾನ ಮಾಡಿದರು. "ಲಗ್ನಪತ್ರಿಕೆ ಇದ್ದಂಗೆ ಅಮ್ಮ. ಹಿರಿಯರ ಹೆಸರು ಮೇಲೆ ಹಾಕ್ತಾರೆ."

"ಲಗ್ನಪತ್ರಿಕೇಲಿ ಗಂಡಿನ ಎಸರು ದಪ್ಪಕ್ಷರದಾಗಿರ್ತೈತೆ ಕಣ್ಲಾ! ಇಲ್ಲಿ ನಿನ್ ಎಸರು ಹೊಟ್ಟೆಗಿಲ್ದೆ ಸೊರಗೋಗೈತೆ."

ಅರ್ಜಿ

ಆ ದೊಡ್ಡ ಲ್ಯಾಬಿನ ಕೆಲಸಕ್ಕೆ ಅರ್ಜಿ ಕೊಡಲು ಕಡೇ ದಿನ ಶನಿವಾರ. ಶುಕ್ರವಾರ ಸಾಯಂಕಾಲ ವಿಲಾಯಿತಿಯ ಕಾಗದ ಬಂತು: ಆರನೇ ಲೇಖನ ಒಪ್ಪಿಗೆಯಾಗಿದೆ! ಅದರಲ್ಲಿ ಇವರದೇ ಮೊದಲನೇ ಹೆಸರು.

ಇವರ ಅಕ್ಷರ ಇವರಿಗೇ ತಿಳಿಯುವುದಿಲ್ಲವಾದ್ದರಿಂದ ಆರೂ ಲೇಖನಗಳ ಪಟ್ಟಿಯನ್ನು ನಾನೇ ದುಂಡಗೆ ಬರೆದೆ. ಶಾಯಿ ಒಣಗಲೆಂದು ಹಲಗೆಯ ಮೇಲಿಟ್ಟು ಮಗುವನ್ನು ಮಲಗಿಸಲು ಹೋದೆ. ಬೆಳಿಗ್ಗೆ ಯಜಮಾನರು ನೋಡದೆ ಮಡಿಸಿ, ಲಕೋಟೆಗೆ ಹಾಕಿ, ರೈಲಿಗೆ ಓಡಿದರು. ಅವರು ಹೋದ ಮೇಲೆ ಅತ್ತೆ ನಿಧಾನವಾಗಿ ಹೇಳಿದರು:

"ಒಳ್ಳೆ ಕೆಲಸದ ಕಾಗದ, ಬರಿದಾಗಿ ಓಗ್ಬಾರ್ದು ಅಂತ ನಾಕು ಮೂಲೆಗೂ ಅರಿಶಿನ ಹಚ್ಚಿದೀನಿ."

ಯಜಮಾನರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ತಿಂಗಳಾದ ಮೇಲೆ ಸಂದರ್ಶನಕ್ಕೆ ಕರೆ ಬಂದಾಗಲೂ ಬಾಯಿಬಿಡಲಿಲ್ಲ.

ಸಂದರ್ಶನದಲ್ಲಿ ಅಧ್ಯಕ್ಷರು ಪಟ್ಟಿಯನ್ನು ಬೆಳಕಿಗೆ ಹಿಡಿದರಂತೆ. "ಇದೇನ್ರೀ ಹಳದಿ? ಯಾವ ರಾಸಾಯನಿಕ ಚೆಲ್ಲಿಕೊಂಡಿರಿ?"

ಯಜಮಾನರು ಮೂಸಿ ನೋಡಿದರು. "ಅರಿಶಿನ ಸಾರ್. ನಮ್ಮ ತಾಯಿಯವರ ಕೆಲಸ ಇರಬೇಕು."

ಅಧ್ಯಕ್ಷರು ನಗಲಿಲ್ಲ. ಮೇಜಿನ ಖಾನೆಯಿಂದ ದಪ್ಪನೆಯ ಕಟ್ಟೊಂದನ್ನು ತೆಗೆದು ಇವರ ಮುಂದಿಟ್ಟರು.

"ಇದು ನನ್ನ ಲೇಖನ. ಮೂರು ಪತ್ರಿಕೆಯವರು ವಾಪಸ್ ಕಳಿಸಿದ್ದಾರೆ. ಒಂದನೇ ತಾರೀಖು ಕೆಲಸಕ್ಕೆ ಬರ್ತೀರಲ್ಲ, ಬರುವಾಗ ಇದಕ್ಕೂ ಅಮ್ಮನ ಕೈಯಲ್ಲಿ ನಾಲ್ಕು ಮೂಲೆ ಹಚ್ಚಿಸಿಕೊಂಡು ಬನ್ನಿ."