ಸಾಹೇಬರನ್ನು ಸೋಲಿಸುವ ಆಸೆ

ನಗೆಪ್ರಸಂಗ ಹುಡುಕಿಕೊಂಡು ನಾನು ಎಲ್ಲಿಗೂ ಹೋದವನಲ್ಲ. ಶಿಗ್ಗಾಂವದಲ್ಲಿ ನಮ್ಮ ಕ್ಲಬ್ಬಿನ ಟೆನಿಸ್ ಕೋರ್ಟಿನಲ್ಲಿ ಸಂಜೆ ನಿಂತರೆ ಸಾಕು, ಅವೇ ಬರುತ್ತಿದ್ದವು. ಕ್ಲಬ್ಬು ಆಫೀಸರರದು, ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರ. ಆದರೆ ಸಾಹೇಬರು ಆಡಬೇಕೆಂದರೆ ಎದುರಿಗೊಬ್ಬ ಬೇಕಲ್ಲ, ಆ ಲೆಕ್ಕದಲ್ಲಿ ನನಗೆ ಪ್ರವೇಶ. ಸಾಹೇಬರನ್ನು ಸೋಲಿಸಬಾರದು ಎಂದು ಯಾವ ಗೋಡೆಯ ಮೇಲೂ ಬರೆದಿರಲಿಲ್ಲ, ಎಲ್ಲರಿಗೂ ಬಾಯಿಪಾಠವಾಗಿತ್ತು. ಇಪ್ಪತ್ತೆಂಟು ವರ್ಷ ಆಡಿದೆ, ಇಪ್ಪತ್ತೆಂಟು ವರ್ಷವೂ ಸೋತೆ. ರಿಟೈರ್ ಆಗುವುದರೊಳಗೆ ಒಬ್ಬರೇ ಒಬ್ಬ ಸಾಹೇಬರನ್ನು ಸೋಲಿಸಬೇಕೆಂಬ ಆಸೆ ಮಾತ್ರ ಹೋಗಲಿಲ್ಲ.

ಸಗಣಿಯ ಲಾನು

ಬಿಳಿ ಸಾಹೇಬರು ಈ ಆಟವನ್ನು ಹುಲ್ಲಿನ ಮೇಲೆ ಆಡುತ್ತಿದ್ದರಂತೆ. ನಮ್ಮಲ್ಲಿ ಹುಲ್ಲು ಬೆಳೆದರೆ ದನ ಬಿಡಬೇಕಲ್ಲ. ಹೀಗಾಗಿ ಲಾನ್ ಟೆನಿಸ್ಸಿನ ಲಾನು ದನದ ಹೊಟ್ಟೆಗೆ ಹೋಗಿ, ಸಗಣಿಯಾಗಿ ಕೋರ್ಟಿಗೆ ಬರುತ್ತಿತ್ತು. ಅದನ್ನು ಸಾರಿಸಲು ಒಬ್ಬ ಅಜ್ಜಿ ಇದ್ದಳು. ಹೊಸದಾಗಿ ಬಂದ ಸಾಹೇಬರು ಬಿಳಿ ಬೂಟು ಹಾಕಿಕೊಂಡು ಮೊದಲ ದಿನವೇ ಕೋರ್ಟಿಗಿಳಿದರು. ಅಜ್ಜಿ ಪೊರಕೆ ಅಡ್ಡ ಹಿಡಿದಳು.

"ಸಾರಿಸಿದ ನೆಲದ ಮ್ಯಾಲ ಕಾಲ್ಮರಿ ಹಾಕ್ಕೊಂಡ ಬರ್ತೀರೇನ್ರಿ? ನಿಮ್ಮವ್ವ ಇದನ್ನ ಕಲಿಸ್ಯಾಳೇನು?"

ಸಾಹೇಬರು ತೆಪ್ಪಗೆ ಬೂಟು ಬಿಚ್ಚಿ ಬರಿಗಾಲಲ್ಲಿ ಆಡಿದರು. ಮರುದಿನ ಅಜ್ಜಿ ಪ್ರಸನ್ನಳಾಗಿ ನಟ್ಟನಡುವೆ ರಂಗೋಲಿ ಹಾಕಿದಳು. ಅಂದು ಇಬ್ಬರೂ ಚೆಂಡನ್ನು ಬಿಟ್ಟು ರಂಗೋಲಿ ತುಳಿಯದಂತೆ ಆಡುವುದರಲ್ಲೇ ಸಂಜೆ ಕಳೆದೆವು.

ಸರಿದ ಗೆರೆ

ಅವರು ಹಿರೇಕೆರೂರಿಗೆ ವರ್ಗವಾದ ಮೇಲೆ ಬಂದ ಸಾಹೇಬರ ಚೆಂಡು ಗೆರೆ ದಾಟದೆ ಇರುತ್ತಿರಲಿಲ್ಲ. ಸುಣ್ಣದಿಂದ ಗೆರೆ ಹಾಕುವವನೂ ನಮ್ಮ ಕ್ಲಬ್ಬಿನ ಜವಾನ, ಔಟೋ ಇನ್ನೋ ಹೇಳುವವನೂ ಅವನೇ. ಒಂದು ದಿನ ಚೆಂಡು ಗೆರೆಯಿಂದ ಒಂದು ಮೊಳ ಆಚೆ ಬಿತ್ತು. "ಇನ್ ಐತ್ರಿ ಸಾಹೇಬ್ರ!" ಎಂದ. ನನಗೆ ತಡೆಯಲಾಗಲಿಲ್ಲ.

"ಏನಪಾ, ಕಣ್ಣ ಕಾಣ್ತಾವಿಲ್ಲೋ?"

"ಕಾಣ್ತಾವ್ರಿ ಮಾಸ್ತರ. ತಪ್ಪ ನಂದ, ಮುಂಜಾನೆ ಗೆರಿನ ಒಂದ್ ಮೊಳ ಒಳಗ ಹಾಕೇನಿ."

ಮರುದಿನ ಬಂದು ನೋಡಿದರೆ ಗೆರೆ ನಿಜವಾಗಿಯೂ ಒಂದು ಮೊಳ ಹೊರಗೆ ಹೋಗಿತ್ತು.

ತೂಕ

ಕಾಲ ಬದಲಾಯಿತು. ಆಫೀಸರರಲ್ಲದವರಿಗೂ ಮೆಂಬರ್‌ಗಿರಿ ಸಿಕ್ಕಿತು. ಮೊದಲು ಬಂದವರು ಗೋವಿನಜೋಳದ ದೊಡ್ಡ ವ್ಯಾಪಾರಿ. ಸ್ಕೋರು ಹೇಳಿಕೊಟ್ಟೆ: ಹದಿನೈದು, ಮೂವತ್ತು, ನಲವತ್ತು. ಅವರು ಬ್ಯಾಟು ಕೆಳಗಿಟ್ಟರು.

"ಹದಿನೈದಕ್ಕ ಹದಿನೈದು ಕೂಡಿಸಿದ್ರ ಮೂವತ್ತು. ಇನ್ನೊಂದ್ ಹದಿನೈದು ಕೂಡಿಸಿದ್ರ ನಲವತ್ತೈದು. ಐದು ಎಲ್ಲಿ ಹೋತ್ರಿ?"

"ಆಟದ ಪದ್ಧತಿನ ಹಂಗ ಐತ್ರಿ."

"ಪದ್ಧತಿ ಅಂತ ಹೇಳಿ ತೂಕದಾಗ ಐದು ಹೊಡದ್ರ ನಮ್ಮ ರೈತರು ಅಂಗಡಿ ಮುಂದ ಬಂದು ಕುಂದರ್ತಾರ. ಇಂಗ್ಲೀಷರು ನೂರಾರು ವರ್ಷ ಹೆಂಗ ದಕ್ಕಿಸ್ಕೊಂಡ್ರು?"

ಕೊನೆಯವರೆಗೂ ಅವರ ಆಟದಲ್ಲಿ ನಲವತ್ತೈದೇ ನಡೆಯಿತು.

ಕೊನೆಯ ಆಟ

ನಾನು ರಿಟೈರ್ ಆಗುವ ದಿನ ಬಂತು. ಆಗಿದ್ದ ಸಾಹೇಬರು ಕೆಳಗಿನಿಂದ ಮೇಲೆ ಬಂದವರು, ಸಂಭಾವಿತರು. ಮನೆಯಲ್ಲಿ ಹೇಳಿಯೇ ಹೊರಟೆ: "ಇವತ್ತ ಬಿಡಂಗಿಲ್ಲ." ಹೆಂಡತಿ ಅಂದಳು, "ಪೆನ್ಶನ್ ಕಾಗದಕ್ಕ ಸಹಿ ಆಗೇತಿಲ್ಲೋ? ಹಂಗಾರ ಹೊಡೀರಿ."

ಹೊಡೆದೆ. ಸಾಹೇಬರೂ ಬಿಡಲಿಲ್ಲ, ಓಡಿದರು, ಬೆವರಿದರು, ಒಮ್ಮೆ ಬಿದ್ದು ಮೊಣಕಾಲು ತರಚಿಕೊಂಡರು. ಐದು-ಐದು ಆಯಿತು. ಕೊನೆಗೆ ಅವರು ಹೊಡೆದ ಚೆಂಡು ನೆಟ್ಟಿನ ತುದಿಗೆ ತಾಗಿ, ಕ್ಷಣ ಯೋಚಿಸಿ, ಅವರ ಕಡೆಗೇ ಬಿತ್ತು. ಗೆದ್ದೆ! ಸಾಹೇಬರು ಹಣೆ ಚಚ್ಚಿಕೊಂಡು, ನನ್ನ ಕೈ ಕುಲುಕಿ ಹೋದರು. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ನೋಡಿದ್ಯೋ ಇಲ್ಲೋ?" ಎಂದು ಜವಾನನನ್ನು ಕೇಳಿದೆ.

"ನೋಡ್ದೆರಿ," ಎಂದ ಅವನು, ನೆಟ್ಟು ಬಿಚ್ಚುತ್ತ. "ಈ ಸಾಹೇಬ್ರು ಸವಣೂರಾಗ ಗುಮಾಸ್ತ ಇದ್ದಾಗ ದಿನಾ ತಮ್ಮ ಸಾಹೇಬ್ರ ಜೋಡಿ ಆಡ್ತಿದ್ರಂತ. ನಿಮ್ಮಷ್ಟು ಚೊಲೋ ಸೋಲಾವ್ರು ಈ ಜಿಲ್ಲಾದಾಗ ಯಾರೂ ಇಲ್ಲ ಅಂದ್ಕೊಂಡಿದ್ದೆ ಮಾಸ್ತರ. ಇವತ್ತ ಅದರಾಗೂ ಸಾಹೇಬ್ರ ಗೆದ್ರು."