ಮೌನದಲ್ಲಿ ಫೇಲಾದ ಟೋಪಾಲಜಿ

ಓದುವುದಕ್ಕೆ ಮೌನ ಬೇಕು ಎನ್ನುವವರನ್ನು ಕಂಡರೆ ನನಗೆ ಸಿಟ್ಟಿಲ್ಲ, ಕನಿಕರ. ಪಾಪ, ಅವರು ಬನಹಟ್ಟಿಯಲ್ಲಿ ಹುಟ್ಟಿದವರಲ್ಲ. ನಮ್ಮ ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿದ್ದವು, ಓಣಿಯ ಉಳಿದ ಮನೆಗಳಲ್ಲೂ ಹಾಗೆಯೇ. ನನ್ನ ತೊಟ್ಟಿಲು ಕಟ್ಟಿದ್ದು ಮಗ್ಗದ ಪಕ್ಕ. ಮಗ್ಗಿ ಬಾಯಿಪಾಠ ಮಾಡಿದ್ದು, ಜಮಖಂಡಿಯ ಕಾಲೇಜಿಗೆ ಓಡಾಡುತ್ತ ಪ್ರಮೇಯಗಳೊಡನೆ ಗುದ್ದಾಡಿದ್ದು, ಎಲ್ಲ ಆ ಖಟಾಖಟ್ ಸಪ್ಪಳದಲ್ಲೇ.

ಗಣಿತದಲ್ಲಿ ಪಿಎಚ್.ಡಿ. ಮಾಡಲು ದೂರದ ವಿಶ್ವವಿದ್ಯಾಲಯ ಸೇರಿದ ಮೇಲೆ ಫಜೀತಿ ಶುರುವಾಯಿತು. ಗೈಡ್ ಒಪ್ಪಿದ್ದರು, ವಿಷಯವೂ ಸಿಕ್ಕಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೊದಲು ಕೋರ್ಸ್‌ವರ್ಕ್ ಎಂಬ ತರಗತಿಗಳಲ್ಲಿ ಚಿಕ್ಕ ಹುಡುಗರ ಹಾಗೆ ಕೂರಬೇಕು, ಆಮೇಲೆ ಪರೀಕ್ಷೆ ಬರೆಯಬೇಕು. ಎರಡನೆಯ ಸಲವೂ ಫೇಲಾದರೆ ನೋಂದಣಿಯೇ ರದ್ದು. ಹಾಸ್ಟೆಲ್ಲಿನ ನಿಶ್ಶಬ್ದದಲ್ಲಿ ಟೋಪಾಲಜಿ ಎಂಬ ಆಕಾರಗಳ ಗಣಿತದ ಪುಸ್ತಕ ತೆರೆದರೆ ನನ್ನ ಉಸಿರಾಟ ನನಗೇ ಕೇಳಿಸುತ್ತಿತ್ತು. ಅದನ್ನೇ ಕೇಳುತ್ತ ಕೂತು ಮೊದಲ ಸಲ ಫೇಲಾದೆ.

ಎರಡನೆಯ ಸಲ ಮನೆಯಲ್ಲೇ ಓದುತ್ತೇನೆಂದು ಫೋನ್ ಮಾಡಿ, ಪುಸ್ತಕ ಹೊತ್ತು ಬಸ್ಸು ಹತ್ತಿದೆ. ನಮ್ಮ ಓಣಿಗೆ ತಿರುಗಿದರೆ ಎಲ್ಲೂ ಸಪ್ಪಳವಿಲ್ಲ. ಯಾರು ತೀರಿಕೊಂಡರೋ ಎಂದು ಬೇಗಬೇಗ ಹೆಜ್ಜೆ ಹಾಕಿದೆ. ತೀರಿಕೊಂಡವರು ಯಾರೂ ಇರಲಿಲ್ಲ. ಮಗನಿಗೆ ದೊಡ್ಡ ಪರೀಕ್ಷೆ ಇದೆ, ಅವನು ಓದುವ ಹೊತ್ತೆಲ್ಲ ಮಗ್ಗ ನಿಲ್ಲಿಸಿ ಎಂದು ಅಪ್ಪ ಮನೆಮನೆಗೆ ಹೋಗಿ ಕೇಳಿಕೊಂಡಿದ್ದ. ಮಂತ್ರಿ ಬಂದರೂ ನಿಲ್ಲದ ಮಗ್ಗಗಳು ನನಗಾಗಿ ನಿಂತಿದ್ದವು. ಅವ್ವ ತುದಿಗಾಲಲ್ಲಿ ಬಂದು ಚಹಾ ಇಟ್ಟು ಹೋಗುತ್ತಿದ್ದಳು. ಕೆಲಸವಿಲ್ಲದ ಅಪ್ಪ ಕಟ್ಟೆಯ ಮೇಲೆ ಕೂತು, ಮಾತಾಡಿಸಲು ಬಂದವರನ್ನೆಲ್ಲ ಕೈಸನ್ನೆಯಲ್ಲೇ ಹಿಂದಕ್ಕೆ ಕಳಿಸುತ್ತಿದ್ದ. ಇಷ್ಟು ಪ್ರೀತಿಯ ಎದುರು ಹೇಗೆ ಬಾಯಿ ಬಿಡಲಿ? ನನಗೆ ಅಳುವೇ ಬಂತು. ಪರೀಕ್ಷೆ ಹತ್ತಿರವಾದಾಗ ತಡೆಯಲಾಗದೆ, ಸಪ್ಪಳ ಇಲ್ಲದಿದ್ದರೆ ಒಂದಕ್ಷರವೂ ತಲೆಗೆ ಹೋಗುವುದಿಲ್ಲ ಎಂದುಬಿಟ್ಟೆ.

“ಮೊದಲ ಹೇಳಬಾರದೇನೋ ತಮ್ಮಾ?” ಎಂದ ಅಪ್ಪ. “ಮಗ್ಗ ನಿಂತಾಗಿಂದ ನನಗೂ ಊಟ ಸೇರವಲ್ದು.”

ಆಮೇಲೆ ಇಡೀ ಓಣಿ ಸೇಡು ತೀರಿಸಿಕೊಳ್ಳುವಂತೆ ನೇಯ್ದಿತು. ಅಪ್ಪನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಓದಿದೆ. ಟೋಪಾಲಜಿ ಪಾಸಾಯಿತು. ಫೋನಿನಲ್ಲಿ ಸುದ್ದಿ ಕೇಳಿ ಅಪ್ಪ ಹಿಗ್ಗಿದ. ಇನ್ನು ಯಾವ ಪರೀಕ್ಷೆ ಇದೆ ಎಂದು ಕೇಳಿದ. ಎಲ್ಲ ಮುಗಿದವು ಎಂದೆ.

“ಹಂಗಾದ್ರ ನನ್ನ ಬಾಜೂಕ ಬಂದು ಕುಂಡ್ರೂದೂ ಮುಗೀತನ್ನು” ಎಂದ.

ಈಗ ನಾನು ಮುಧೋಳದ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ನನ್ನ ಕೈಕೆಳಗೆ ಪಿಎಚ್.ಡಿ. ಮಾಡುವ ಹುಡುಗರು ಕೋರ್ಸ್‌ವರ್ಕ್ ಪರೀಕ್ಷೆಗೆ ಹೆದರುವಾಗ ಧೈರ್ಯ ಹೇಳುತ್ತೇನೆ, ಅವರಿಗಿನ್ನೂ ಪರೀಕ್ಷೆ ಉಳಿದಿದೆಯಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚು ಪಡುತ್ತೇನೆ. ಬನಹಟ್ಟಿ ದೂರವೇನಲ್ಲ. ಆದರೆ ಸುಮ್ಮನೆ ಹೋದರೆ ಅವ್ವ ಯಾರದೋ ಸೀಮಂತದ ಕುಬಸಕ್ಕೆ, ಯಾರದೋ ಹೊಸ ಮನೆಯ ಶಾಂತಿಗೆ ಎಳೆದೊಯ್ಯುತ್ತಾಳೆ. ಮಗ್ಗದ ಪಕ್ಕ ಕೂರಲು ಪುರುಸೊತ್ತೇ ಸಿಗುವುದಿಲ್ಲ. ಹೋದ ವಾರ ಅಪ್ಪನಿಗೆ ಫೋನ್ ಮಾಡಿ, ಒಂದು ಪರೀಕ್ಷೆ ಉಳಿದುಬಿಟ್ಟಿದೆ, ಓದಲು ಬರುತ್ತೇನೆ ಎಂದೆ. ತಲೆ ನರೆತ ಡಾಕ್ಟರೇಟ್ ಮಗನಿಗೆ ಇನ್ನೆಂಥ ಪರೀಕ್ಷೆ ಎಂದು ಅವನು ಕೇಳಲಿಲ್ಲ.

“ಬಾ, ಮಗ್ಗಕ್ಕ ಎಣ್ಣಿ ಹಾಕಿ ಇಟ್ಟಿರ್ತೀನಿ” ಎಂದ.